ಹುಳಕ್ಕೆ ಜ್ವರ, ಕನ್ನಡಕಕ್ಕೆ ಪಂಕ್ತಿ

ಆಗ ನನಗೆ ಅರವತ್ತಾರು. ಹೋದ ವರ್ಷದ ಹಿಂದಿನ ವರ್ಷದ ಮಾತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಊಟವೆಂದರೆ ಮದುವೆ ಮನೆಯ ಪಂಕ್ತಿ. ನಾನು ಎಸರಿಟ್ಟರೆ ಎಲ್ಲರೂ ಬಂದು ಕೂರಬೇಕು. ಸಾಲು ತುಂಬದೆ ಬಡಿಸುವುದಿಲ್ಲ, ಸಾಲು ಎದ್ದ ಮೇಲೆ ಬಂದವರಿಗೆ ತಣ್ಣನೆಯ ಮುದ್ದೆ. ಸೊಸೆ ಭಾಗ್ಯ ನರಸಾಪುರದ ಕನ್ನಡಕದ ಗಾಜಿನ ಕಂಪನಿಗೆ ಸೇರಿ, ಬೆಳಗಿನ ಶಿಫ್ಟಿನ ಬಸ್ಸು ಹತ್ತಲು ಶುರುಮಾಡಿದ ಮೇಲೂ ಕಾನೂನು ಬದಲಾಗಲಿಲ್ಲ. ರಾತ್ರಿ ಉಳಿದ ಮುದ್ದೆಯನ್ನು ಅವಳು ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದಳು. "ಒಬ್ಬಳಿಗೋಸ್ಕರ ಎಸರಿಡೋಕೆ ನಂಗೇನು ಹುಚ್ಚಾ?" ಎಂದು ನಾನು ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ನನ್ನ ಕನ್ನಡಕದ ಮೇಲೆ ನಾನೇ ಕೂತೆ. ಅದನ್ನು ಹುಡುಕಿ ಸಾಕಾಗಿ ಕೂತದ್ದು, ಅದರ ಮೇಲೆಯೇ. ಮನೆಯಲ್ಲಿ ರೇಷ್ಮೆ ಹುಳ ಮೇಯುತ್ತಿದ್ದವು. ಹುಳ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳ ಆಗಾಗ ಮೇವು ಬಿಟ್ಟು ಮಲಗಿ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಚೆನ್ನಾಗಿ ಮೇದು, ಆಮೇಲೆ ಮೇವು ಬಿಟ್ಟು ತಲೆ ಎತ್ತಿ, ಮೈ ಹಳದಿಗೆ ತಿರುಗಿ ಹಣ್ಣಾಗುತ್ತದೆ. ಆಗ ಹಣ್ಣಾದ ಹುಳವನ್ನಷ್ಟೇ ಆರಿಸಿ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಎಲೆ ಕಸದಲ್ಲೇ ಗೂಡು ಕಟ್ಟಿ ಕೂರುತ್ತವೆ. ಇದಕ್ಕೆ ಕಣ್ಣು ಬೇಕು. ನನ್ನ ಮಗ ಮುನಿರಾಜನಿಗೆ ಹಣ್ಣೂ ಒಂದೇ, ಕಾಯಿಯೂ ಒಂದೇ. ಹಿಂದಿನ ಬೆಳೆಯಲ್ಲಿ ಅವನು ಆರಿಸಿದ ಹುಳಗಳು ಚಂದ್ರಿಕೆಯ ಮೇಲೆ ಗೂಡು ಕಟ್ಟದೆ ವಾಕಿಂಗ್ ಮಾಡಿದವು.

ಹಳೇ ಕನ್ನಡಕದಲ್ಲಿ ಹುಳದ ಮೇಲೆ ಬಗ್ಗಿದರೆ ಹುಳಕ್ಕಿಂತ ಮೊದಲು ತಲೆ ಮೇಲಿನ ಟ್ಯೂಬ್‌ಲೈಟೇ ಕಾಣುತ್ತಿತ್ತು. ಅದಕ್ಕೇ ಭಾಗ್ಯ, "ಈ ಸಲ ಕೋಟಿಂಗ್ ಹಾಕಿಸಿ ಅತ್ತೆ, ಬೆಳಕು ಹೊಡೆಯಲ್ಲ. ನಮ್ಮ ಕಂಪನೀಲೇ ಹಾಕ್ತಾರೆ" ಎಂದು ಕೋಲಾರದ ಅಂಗಡಿಗೆ ಕರೆದುಕೊಂಡು ಹೋಗಿ ಅಳತೆ ಕೊಡಿಸಿದಳು. ಆಮೇಲೆ ಕಾದೆ, ಕಾದೆ. ಕನ್ನಡಕ ಬರಲಿಲ್ಲ. ಹುಳ ಮೂರನೇ ಜ್ವರ ಎದ್ದವು.

"ಏನೇ, ನಿಮ್ಮ ಕಂಪನಿಯೋರು ನನ್ನ ಗಾಜಿಗೆ ಹಸು ಕಟ್ಟಿ ಸಗಣಿ ಬಳೀತಿದಾರಾ?" ಎಂದು ಕೇಳಿದೆ.

"ಛತ್ರಿ ತುಂಬಿಲ್ಲ ಅತ್ತೆ," ಎಂದಳು.

ಛತ್ರಿ ಅಂದರೆ ತೂತು ತೂತಿನ ದೊಡ್ಡ ತಟ್ಟೆಯಂತೆ, ಛತ್ರಿ ಬಿಚ್ಚಿದ ಆಕಾರ. ಒಂದೊಂದು ತೂತಿಗೆ ಒಂದೊಂದು ಗಾಜು. ಅದನ್ನು ಬೀರುವಿನಂಥ ಮೆಷಿನ್ನಿನೊಳಗೆ ತೂಗುಹಾಕಿ, ಬಾಗಿಲು ಹಾಕಿ, ಒಳಗಿನ ಗಾಳಿಯನ್ನೆಲ್ಲ ಎಳೆದು, ಕೆಳಗೆ ಔಷಧಿ ಕಾಯಿಸಿದರೆ ಅದರ ಆವಿ ಹೋಗಿ ಗಾಜಿಗೆ ಅಂಟುತ್ತದೆ. ಛತ್ರಿ ತುಂಬದೆ ಮೆಷಿನ್ನು ಹಾಕುವುದಿಲ್ಲ. ನನ್ನಂಥ ವಿಚಿತ್ರ ನಂಬರಿನವರು ಸಾಲು ತುಂಬುವವರೆಗೆ ಕಾಯಬೇಕು. ನನಗೆ ಮೈ ಉರಿದುಹೋಯಿತು. ಕಣ್ಣು ಕಾಣದ ಮುದುಕಿಯನ್ನು ಪಂಕ್ತಿಗೆ ಕೂರಿಸುತ್ತಾರೆಯೇ?

"ಅದಕ್ಕೇ ಹೊಸದು ಮಾಡ್ತಿದೀವಿ," ಎಂದಳು ಭಾಗ್ಯ, ಕಣ್ಣರಳಿಸಿಕೊಂಡು. "ಇನ್ಮೇಲೆ ಎರಡು ಛತ್ರಿ. ಒಂದು ಒಳಗಿರುವಾಗಲೇ ಇನ್ನೊಂದಕ್ಕೆ ಹೊರಗೆ ಗಾಜು ಜೋಡಿಸಿಡ್ತೀವಿ. ನಂಬರ್ ಬೇರೆಬೇರೆ ಇದ್ರೂ ಲೇಪ ಒಂದೇ ಆದ್ರೆ ಒಟ್ಟಿಗೇ ಹಾಕೋದು. ತುಂಬಲಿ ಬಿಡಲಿ, ಹೊತ್ತಾದ್ರೆ ಬಾಗಿಲು ಹಾಕೋದೇ."

"ಅಂದ್ರೆ ಇಷ್ಟು ದಿನ ಶೇರ್ ಆಟೋ ಆಗಿತ್ತು. ಈಗ ಬಸ್ಸು."

"ಹ್ಞೂ, ಬಸ್ಸೇ. ಟ್ರಯಲ್ಲು ಸರಿಹೋದ್ರೆ ಆ ಮೆಷಿನ್ನು ನನ್ನ ಕೈಗೆ ಕೊಡ್ತಾರಂತೆ. ನಿಮ್ಮ ಗಾಜೂ ಅದ್ರಲ್ಲೇ ಹೋಗ್ತದೆ."

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಸೊಪ್ಪು ಹಾಕುವಾಗಲೂ ಛತ್ರಿ, ಮುದ್ದೆ ಕಟ್ಟುವಾಗಲೂ ಛತ್ರಿ. ಮುನಿರಾಜ, "ಅಮ್ಮ ಕಂಪನಿಗೆ ಸೇರಿದ್ಲು ಕಣೇ" ಎಂದು ಹೆಂಡತಿಯ ಹತ್ತಿರ ಗೇಲಿ ಮಾಡಿದ.

ಟ್ರಯಲ್ಲಿನ ದಿನ ಬೆಳಿಗ್ಗೆ ಹುಳದ ಮನೆಗೆ ಹೋದರೆ ಒಂದೆರಡು ಹುಳ ಸೊಪ್ಪು ಬಿಟ್ಟು ತಲೆ ಎತ್ತಿದ ಹಾಗೆ ಕಂಡಿತು. ಕಂಡಿತು ಅಂದರೆ ಅನುಮಾನ. ಕಂಪನಿಯೊಳಗೆ ಫೋನು ಬಿಡುವುದಿಲ್ಲವೆಂದು ಭಾಗ್ಯ ಅವಸರಕ್ಕೆ ಒಂದು ನಂಬರು ಕೊಟ್ಟಿದ್ದಳು. ಕನ್ನಡಕಕ್ಕೆ ಅವಸರ ಮಾಡೋಣವೆಂದು ಒತ್ತಿದೆ. ಎತ್ತಿದವರು ಅವಳ ಎಂಜಿನಿಯರು, ಧಾರವಾಡದ ಕಡೆಯ ಹುಡುಗ.

"ನಾನು ಭಾಗ್ಯನ ಅತ್ತೆ ಸಾಮಿ. ನಾಲ್ಕನೇ ಜ್ವರನೂ ಆಯ್ತು," ಎಂದೆ.

"ನಾಕನೇ ಸಲ ಜ್ವರಾ?"

"ಹ್ಞೂ. ಊಟ ಬಿಟ್ಟಾಯ್ತು. ತಲೆ ಎತ್ತಿ ಆಡಿಸೋದು ಶುರುವಾಗಿದೆ. ನಂಗೆ ಕಣ್ಣು ಕಾಣಲ್ಲ. ಇನ್ನು ತಡ ಮಾಡಿದ್ರೆ ಕೈಗೆ ಸಿಗಲ್ಲ."

"ಅಯ್ಯ, ಗಾಬರಿ ಆಗಬ್ಯಾಡ್ರಿ ಅಮ್ಮಾ. ಈಗ ಕಳಸ್ತೀನ್ರಿ."

ಎಂಥ ಒಳ್ಳೆಯ ಹುಡುಗ ಎಂದುಕೊಂಡು ಎಲೆ ಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತೆ. ಕಂಪನಿಯ ಕಾರೇ ಬಂತು. ಅದರಿಂದ ಇಳಿದದ್ದು ಕನ್ನಡಕವಲ್ಲ, ಭಾಗ್ಯ. ಕೈಯಲ್ಲಿ ಎಳನೀರು, ಮುಖದಲ್ಲಿ ರಕ್ತವಿಲ್ಲ.

"ಮಲಗೋದು ಬಿಟ್ಟು ಇಲ್ಲಿ ಯಾಕೆ ಕೂತಿದೀರಾ ಅತ್ತೆ? ಜ್ವರ ಎಷ್ಟಿದೆ?"

"ನಂಗ್ಯಾಕೇ ಬರ್ತದೆ ಜ್ವರ? ಹುಳದ್ದು ಹೇಳಿದ್ದು."

ಅವಳು ಎಳನೀರು ಹಿಡಿದುಕೊಂಡೇ ಜಗಲಿಯ ಮೇಲೆ ಕೂತಳು. "ಛತ್ರಿಗೆ ಗಾಜು ಜೋಡಿಸಿಟ್ಟಿದ್ದೆ ಅತ್ತೆ. ಒಳಗೆ ಹಾಕೋದೊಂದು ಬಾಕಿಯಿತ್ತು. ಇವತ್ತೇ ಹಿಂಗೆ ಮಾಡಬೇಕಿತ್ತಾ?"

ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಬೇಕಾದ ದಿನವೇ ಡ್ರೈವರನ್ನು ನಾನು ಮನೆಗೆ ಕರೆಸಿದ್ದೆ. "ಹಂಗಾದ್ರೆ ಇಲ್ಯಾಕೆ ಕೂತಿದೀಯಾ? ಏಳು," ಎಂದು ಅವಳನ್ನು ಅದೇ ಕಾರಿಗೆ ತಳ್ಳಿದೆ. ಎಳನೀರು ಮಾತ್ರ ಇಸಿದುಕೊಂಡೆ.

ಸಂಜೆ ಅವಳು ಬಂದದ್ದೇ ಬೇರೆ ಮುಖದಲ್ಲಿ. ಅವಳಿಲ್ಲದಾಗ ಮೆಷಿನ್ನು ಖಾಲಿ ನಿಲ್ಲಲಿಲ್ಲವಂತೆ. ಅವಳು ಜೋಡಿಸಿಟ್ಟಿದ್ದ ಛತ್ರಿಯನ್ನು ಧೂಳು ಬೀಳದಂತೆ ಮುಚ್ಚಿಟ್ಟು, ಅವಳ ಜೊತೆಯವರು ಸಿದ್ಧವಿದ್ದ ಇನ್ನೊಂದನ್ನು ಒಳಗೆ ಹಾಕಿದ್ದರಂತೆ. ಇವಳು ಹೋಗುವ ಹೊತ್ತಿಗೆ ಅದು ಇಳಿಯಿತು, ಇದು ಹತ್ತಿತು. ಯಾರಾದರೂ ಅರ್ಧಕ್ಕೆ ಎದ್ದುಹೋದರೂ ಕೆಲಸ ನಿಲ್ಲುವುದಿಲ್ಲ ಎಂದು ದೊಡ್ಡವರೆಲ್ಲ ಖುಷಿಯಾಗಿ, ಮೆಷಿನ್ನನ್ನು ಭಾಗ್ಯನ ಕೈಗೇ ಕೊಟ್ಟರು. ಹಾಗಾದರೆ ಟ್ರಯಲ್ ಮಾಡಿಸಿದ್ದು ನಾನೇ ಅಲ್ಲವೇ? ಇದನ್ನು ಹೇಳಿದರೆ ಮನೆಯಲ್ಲಿ ಒಬ್ಬರೂ ಒಪ್ಪುವುದಿಲ್ಲ.

ಮಾರನೇ ದಿನ ಸಂಜೆ ಮುನಿರಾಜ ಕೋಲಾರದಿಂದ ಕನ್ನಡಕ ತಂದ. ಹಾಕಿಕೊಂಡು ಹುಳದ ಮೇಲೆ ಬಗ್ಗಿದೆ. ಟ್ಯೂಬ್‌ಲೈಟು ಮಾಯ. ಒಂದೊಂದು ಹುಳದ ಮೈಯೂ ದ್ರಾಕ್ಷಿ ಹಣ್ಣಿನ ಹಾಗೆ ಕಾಣುತ್ತಿತ್ತು. ಹಣ್ಣಾದದ್ದನ್ನು ಆಗಲೇ ಎತ್ತಿದೆ, ಆಗದ್ದನ್ನು ಬಿಟ್ಟೆ. ಪಕ್ಕದಲ್ಲಿ ಚಂದ್ರಿಕೆ ಹಿಡಿದು ನಿಂತಿದ್ದ ಭಾಗ್ಯ, "ಹುಳಕ್ಕೆ ಪಂಕ್ತಿ ಇಲ್ಲ ನೋಡಿ ಅತ್ತೆ," ಎಂದಳು. ಬೇಕೆಂದೇ ಅಂದದ್ದು. ನಾನು ಕಿವಿ ಕೇಳದವಳ ಹಾಗೆ ಹುಳ ಆರಿಸಿದೆ.

ಮಾರನೇ ದಿನ ಬೆಳಿಗ್ಗೆ ಕಂಪನಿ ಬಸ್ಸಿಗೆ ಮುಂಚೆ ಎದ್ದು, ಚಿಕ್ಕ ಪಾತ್ರೆಯಲ್ಲಿ ಎಸರಿಟ್ಟು ಒಂದೇ ಒಂದು ಮುದ್ದೆ ಮಾಡಿ ಭಾಗ್ಯನ ಮುಂದಿಟ್ಟೆ. ಅವಳು ಮುರಿದು ನೋಡಿ, "ಗಂಟಿದೆ ಅತ್ತೆ," ಎಂದಳು. ನನ್ನ ಮುದ್ದೆಯಲ್ಲಿ ಗಂಟೇ ಎಂದು ಜಗಳಕ್ಕೆ ನಿಂತು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಇತ್ತು.