ಪಗಾರಕ್ಕಾಗಿ ಬಾರಿಸಿದ ಡೋಲು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಮಗ್ಗುಲಿನ ಒಂದು ಪುರಸಭೆಯಲ್ಲಿ ಗುಮಾಸ್ತನಾಗಿದ್ದೆ. ಅದರ ಹೆಸರು ಹೇಳುವುದಿಲ್ಲ, ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ಆ ವರ್ಷದ ಬಜೆಟ್ಟಿನಲ್ಲಿ ಖರ್ಚೆಲ್ಲ ನಿಜವಾಗಿತ್ತು, ಆದಾಯ ಮಾತ್ರ ಬರೀ ಆಸೆಯಾಗಿತ್ತು. ಎರಡು ತಿಂಗಳು ನಮಗೆ ಪಗಾರವಾಗಲಿಲ್ಲ. ಮೂರನೆಯ ತಿಂಗಳು ಸಾಹೇಬರು ಅಪ್ಪಣೆ ಹೊರಡಿಸಿದರು. ಕರ ಬಾಕಿ ಇಟ್ಟವರ ಬಾಗಿಲಲ್ಲಿ ಡೋಲು ಬಾರಿಸಬೇಕು, ಅವರು ಮರ್ಯಾದೆಗೆ ಅಂಜಿ ಕಟ್ಟುತ್ತಾರೆ, ಕಟ್ಟಿದ ದಿನವೇ ನಮಗೆ ಪಗಾರ!

ಈ ಘನಕಾರ್ಯದ ನೇತೃತ್ವಕ್ಕೆ ನಾನೇ ಕೈ ಎತ್ತಿದೆ. ನನ್ನ ದನಿ ದೊಡ್ಡದು, ನಾಚಿಕೆ ಕಡಿಮೆ ಎಂದು ನನಗೆ ನಂಬಿಕೆಯಿತ್ತು.

ಹೊರಡುವಾಗ ಹೆಂಡತಿ ಸುಮಿತ್ರಾ ನೂರರ ಮೂರು ನೋಟು ಕೈಗಿಟ್ಟಳು. ಮನೆಯಲ್ಲಿ ಉಳಿದಿದ್ದದ್ದು ಅಷ್ಟೇ.

“ಗ್ಯಾಸ್ ಮುಗದದ. ಪಗಾರ ಆಗ್ಲಿ ಬಿಡ್ಲಿ, ಬರೋವಾಗ ಸಿಲಿಂಡರ್ ತರ್ರಿ.”

“ಇವತ್ತ ಪಗಾರ ಆದಂಗ ತಿಳಕೋ.”

“ನೀವು ಹಿಂಗಂದಾಗೆಲ್ಲ ನನಗ ಭಾಳ ಹೆದರಿಕಿ ಆಗ್ತದ್ರಿ.”

ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಆಫೀಸಿನ ಎದುರಿಗೇ ಹೋಟೆಲಿಟ್ಟಿದ್ದ ಶೆಟ್ಟರದು. ನಾನು ಕೈಸನ್ನೆ ಮಾಡಿದೆ. ಬಾಡಿಗೆಗೆ ಕರೆತಂದ ಡೋಲಿನವನಿಗೆ ಮದುವೆ ಮೆರವಣಿಗೆಯ ಪೆಟ್ಟು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಐದೇ ನಿಮಿಷದಲ್ಲಿ ರಸ್ತೆ ತುಂಬ ಜನ. ಇಬ್ಬರು ಕುಣಿಯತೊಡಗಿದರು. ಕೆಲವರು ಹೋಟೆಲಿನೊಳಗೆ ಹೋಗಿ ಕುಳಿತು ಇಡ್ಲಿಯನ್ನೂ ತರಿಸಿಕೊಂಡರು. ನಾನು ಶುದ್ಧ ಮರಾಠಿಯಲ್ಲಿ ಶೆಟ್ಟರ ಬಾಕಿಯನ್ನು ಊರಿಗೆಲ್ಲ ಸಾರಿದೆ.

ಶೆಟ್ಟರು ನಿಧಾನವಾಗಿ ಹೊರಗೆ ಬಂದರು. ಕಂಕುಳಲ್ಲಿ ಒಂದು ದಪ್ಪ ಲೆಕ್ಕದ ವಹಿ ಇತ್ತು.

“ಎಂತ ಮಾರಾಯ್ರೆ, ಕಟ್ಟುವುದಿಲ್ಲ ಅಂತ ನಾನು ಹೇಳಿದ್ದುಂಟಾ? ನಿಮ್ಮ ಆಫೀಸಿನವರು ಎರಡು ತಿಂಗಳಿಂದ ಉದ್ರಿಯಲ್ಲಿ ತಿಂದದ್ದೆಲ್ಲ ಇದರಲ್ಲಿ ಉಂಟು. ಅದು ಬರಲಿ, ಕಟ್ಟುತ್ತೇನೆ.”

“ನಮಗ ಪಗಾರನ ಆಗಿಲ್ರಿ, ಶೆಟ್ರ.”

“ಯಾಕೆ ಆಗಲಿಲ್ಲ?”

“ನೀವು ಕರ ಕಟ್ಟಿಲ್ಲಲ್ರಿ.”

ಪುರಸಭೆಯ ಸಮಸ್ತ ಅರ್ಥನೀತಿ ನಮ್ಮಿಬ್ಬರ ನಡುವೆ ಬಂದು ನಿಂತಿತ್ತು.

ಆಮೇಲೆ ಶೆಟ್ಟರು ಡೋಲಿನವನ ಕಡೆ ತಿರುಗಿ, ನೀನು ಬಾರಿಸು, ನಾನು ಓದುತ್ತೇನೆ ಎಂದು ಮರಾಠಿಯಲ್ಲಿ ಹೇಳಿದರು. ಅವನಿಗೇನು, ಯಾರು ಹೇಳಿದರೂ ಬಾರಿಸುವವನೇ. ಮೊದಲ ಹೆಸರು ನನ್ನದು! ಇಪ್ಪತ್ತು ಮಸಾಲೆ ದೋಸೆ, ಎಂಟು ಶಿರಾ, ಮೇಲೆ ಚಹಾ, ಒಟ್ಟು ಮುನ್ನೂರು ರೂಪಾಯಿ. ಒಂದೊಂದು ದೋಸೆಗೂ ಒಂದೊಂದು ಪೆಟ್ಟು ಬಿತ್ತು. ಜನ ಚಪ್ಪಾಳೆ ತಟ್ಟಿದರು. ಆಫೀಸಿನ ಕಿಟಕಿಯಲ್ಲಿ ನಿಂತು ನಗುತ್ತಿದ್ದ ನನ್ನ ಸಹೋದ್ಯೋಗಿಗಳು ಎರಡನೆಯ ಹೆಸರು ಬರುವುದರೊಳಗೆ ಮಾಯವಾದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ, ನಾನೇ ಜೇಬಿಗೆ ಕೈ ಹಾಕಿದೆ. ಶೆಟ್ಟರು ಆ ಮೂರು ನೋಟುಗಳನ್ನು ತೆಗೆದುಕೊಂಡು, ನನ್ನ ಹೆಸರು ಹೊಡೆದುಹಾಕಿ, ಅವೇ ನೋಟುಗಳನ್ನು ನನಗೆ ತಿರುಗಿ ಕೊಟ್ಟರು.

“ಇದು ಸದ್ಯಕ್ಕೆ ನನ್ನ ಕರ. ರಸೀದಿ ಕೊಡಿ.”

ಕೊಟ್ಟೆ. ಆ ದಿನದ ವಸೂಲಿ ಅದೊಂದೇ. ಸಾಹೇಬರು ಬೆನ್ನು ತಟ್ಟಿ, ನಾನು ಪಗಾರದ ಮಾತು ಎತ್ತುವ ಮೊದಲೇ ಡೋಲಿನವನನ್ನು ಒಳಗೆ ಕರೆದು, ಅಂದಿನ ಬಾಡಿಗೆಯೆಂದು ಆ ಮೂರೂ ನೋಟುಗಳನ್ನು ಅವನಿಗೆ ಕೊಟ್ಟುಬಿಟ್ಟರು.

ಬರಿಗೈಯಲ್ಲಿ ಮನೆಗೆ ಬಂದೆ. ಸುಮಿತ್ರಾ ಬಾಗಿಲಲ್ಲೇ ನಿಂತಿದ್ದಳು.

“ಡೋಲಿನ ಸಪ್ಪಳ ಇಲ್ಲಿತನಕ ಕೇಳಿಸ್ತು. ಯಾರ ಮರ್ಯಾದಿ ಹೋತ್ರಿ?”

“ನಮ್ಮದ.”

“ಡೋಲಿನವಂಗ ರೊಕ್ಕ ಯಾರು ಕೊಟ್ರು?”

“ಅದೂ ನಾವ.”