ಅಧ್ಯಕ್ಷರ ಕೊಡ

ದೇಶಕ್ಕೆ ಸ್ವರಾಜ್ಯ ಬಂದು ಹದಿಮೂರು ವರ್ಷವಾಗಿತ್ತು. ದಾವಣಗೆರೆಯ ಕಲ್ಲೇಶಪ್ಪನ ವಠಾರಕ್ಕೆ ಅದು ಬಂದದ್ದು ಹೋದ ವಾರ, ಒಂದು ಬೀಗದ ಕೈಯ ರೂಪದಲ್ಲಿ. ಲಿಂಗಣ್ಣನ ಗ್ರಹಚಾರ ಶುರುವಾದದ್ದೂ ಅಲ್ಲಿಂದಲೇ.

ಹನ್ನೆರಡು ಮನೆಯ ವಠಾರ, ಮೂಲೆಯದೊಂದು ಖಾಲಿ. ಎಲ್ಲಕ್ಕೂ ಸೇರಿ ಒಂದೇ ನಲ್ಲಿ. ಅದಕ್ಕೆ ಬೀಗ ಜಡಿದು ಕಾಯುತ್ತಿದ್ದ ಮಾಲೀಕ ಕಲ್ಲೇಶಪ್ಪ, ದಿನಬೆಳಗಾದರೆ ಕೊಡಗಳ ಕಾಳಗ ನೋಡಿ ಬೇಸತ್ತು, ಬೀಗದ ಕೈಯನ್ನು ಲಿಂಗಣ್ಣನ ಮುಂದೆ ಎಸೆದಿದ್ದ.

"ತಗಳ್ರಿ! ಸ್ವರಾಜ್ಯ ಸ್ವರಾಜ್ಯ ಅಂತಿದ್ರಲ್ಲ. ನಿಮ್ಮ ನೀರು, ನಿಮ್ಮ ರಾಜ್ಯ!"

ಗಿರಣಿ ಗುಮಾಸ್ತ ಲಿಂಗಣ್ಣ ಅಂದೇ ಅಧ್ಯಕ್ಷನಾದ. "ಸ್ವರಾಜ್ಯ ಅಂದ್ರೆ ಏನ್ರಿ ಅದು?" ಎಂದು ಎದುರುಮನೆಯ ಹಂಪವ್ವ ಕೇಳಿದಳು.

"ಮನಸ್ಸಿಗೆ ಬಂದಂಗೆ ಕುಣಿಯೋದಲ್ಲ ಹಂಪವ್ವ. ನಮ್ಮನ್ನ ನಾವೇ ಆಳಿಕೊಳ್ಳೋದು. ಆಳೋನು ಎಲ್ಲಾರ ಹಿಂದೆ ನಿಲ್ಲಬೇಕು!"

ಹೇಳಿ ಸುಮ್ಮನಿದ್ದರೆ ಆಗಿತ್ತು. ಮೂರು ನಿಯಮ ರಟ್ಟಿನ ಮೇಲೆ ದುಂಡಗೆ ಬರೆದು ನಲ್ಲಿಯ ಮೇಲಿನ ಗೋಡೆಗೆ ಮೊಳೆ ಹೊಡೆದ. ಒಂದು, ಸರದಿ ಮೀರುವಂತಿಲ್ಲ. ಎರಡು, ತನ್ನ ಸರದಿಯ ನೀರನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಮೂರು, ಅಧ್ಯಕ್ಷರ ಕೊಡ ಕಟ್ಟಕಡೆಗೆ. ಓದು ಬಾರದ ಹಂಪವ್ವ ಪಕ್ಕದ ಮನೆಯ ರಶೀದಾಳಿಂದ ಮೂರು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಳು.

ಈ ಸೋಮವಾರ ಲಿಂಗಣ್ಣ ಮಗಳ ಸಂಬಂಧದ ಮಾತು ಮುಗಿಸಲು ಹರಿಹರಕ್ಕೆ ಹೋಗಬೇಕಿತ್ತು. ವರನಿಗೆ ದಾವಣಗೆರೆಯಲ್ಲೇ ಹೊಸ ನೌಕರಿ. ಆದರೆ ಅವನಪ್ಪ ಮೈಲಾರಲಿಂಗಪ್ಪ ಭಾರಿ ನೇಮದ ಮನುಷ್ಯ. ದಿನಕ್ಕೆ ಎರಡು ಸ್ನಾನ. ಮೈ ತೊಳೆಯದವರ ಜೊತೆ ಶುಭದ ಮಾತೇ ಎತ್ತುವುದಿಲ್ಲ.

ಅವತ್ತೇ ನಲ್ಲಿ ನೂಲಿನಂತೆ ಸುರಿಯಬೇಕೆ! ಲಿಂಗಣ್ಣ ಟವೆಲಿನಡಿ ಚೆಂಬು ಮುಚ್ಚಿಕೊಂಡು ಮೆಲ್ಲಗೆ ಮುಂದೆ ಸರಿದ.

"ಚೆಂಬು ಕೆಳಗಿಡ್ರಿ ಅಧ್ಯಕ್ಷರೇ," ಎಂದಳು ಹಂಪವ್ವ.

"ಒಂದೇ ಚೆಂಬು ಕಣವ್ವ. ಮಗಳ ಮದುವಿ ಮಾತು ಐತೆ."

"ನನ್ನ ಮಗಳದಾಗಿದ್ರೆ ಬಿಡ್ತಿದ್ರೇನು?"

ರಶೀದಾ ಮರುಗಿದಳು. "ನನ್ನ ಕೊಡ ತಗಳ್ರಿ ಅಣ್ಣಾ."

"ಎರಡನೇದು!" ಎಂದು ಹಂಪವ್ವ ರಟ್ಟಿನ ಕಡೆ ಬೆರಳು ತೋರಿದಳು.

ಹತ್ತನೆಯ ಮನೆಯ ಕೊಡ ತುಂಬುತ್ತಲೇ ನಲ್ಲಿ ಗೊರಗೊರ ಎಂದು ನಿಂತಿತು. "ಕಲ್ಲೇಶಪ್ಪನೋರ ಹಿತ್ತಲಾಗೆ ಬಾವಿ ಐತಲ್ಲ, ಕೇಳ್ರಿ ಹೋಗಿ," ಎಂದು ಹೆಂಡತಿ ಕೊಟ್ರವ್ವ ಅಟ್ಟಿದಳು. ಕಲ್ಲೇಶಪ್ಪ ಎರಡೂ ಕೈ ಮುಗಿದ.

"ಛೇ ಛೇ! ಸ್ವರಾಜ್ಯ ಕೊಟ್ಟ ಮ್ಯಾಲೆ ನಾನು ನಡುವೆ ಕೈ ಹಾಕಬಾರ್ದು."

ಬಸ್ಸಿನಲ್ಲಿ ಲಿಂಗಣ್ಣ ಹಂಪವ್ವನಿಗೆ ಹಿಡಿಶಾಪ ಹಾಕುತ್ತ ಕೂತ. ಹಾಕುತ್ತ ಹಾಕುತ್ತ ಯಾಕೋ ಹೆಮ್ಮೆಯೇ ಬಂತು. ಮೊದಲೆಲ್ಲ ರಟ್ಟೆ ಗಟ್ಟಿಯಿದ್ದವರ ಕೊಡ ಮುಂದೆ ಇರುತ್ತಿತ್ತು, ರಶೀದಾಳ ಕೊಡ ಖಾಲಿ ಮರಳುತ್ತಿತ್ತು. ಒಂದು ವಾರದಿಂದ ಒಂದು ಜಗಳವಿಲ್ಲ. ಅಕ್ಷರ ಬಾರದ ಹೆಂಗಸು ಅವನಿಗಿಂತ ಚೆನ್ನಾಗಿ ಸ್ವರಾಜ್ಯದ ಅರ್ಥ ತಿಳಿದಿದ್ದಳು.

ಹರಿಹರದಲ್ಲಿ ಇಳಿದವನೇ ಹೊಳೆಗೆ ಓಡಿದ. ತುಂಗಭದ್ರೆಗೆ ಬೀಗವೂ ಇಲ್ಲ, ಹಂಪವ್ವನ ಕಾವಲೂ ಇಲ್ಲ. ಪಂಚೆ ಬಿಚ್ಚಿಟ್ಟು ಮೂರು ಮುಳುಗು ಹಾಕಿ ತಲೆಯೆತ್ತಿದರೆ, ಪಕ್ಕದಲ್ಲೇ ಕುತ್ತಿಗೆಮಟ್ಟ ನೀರಿನಲ್ಲಿ ಮೈಲಾರಲಿಂಗಪ್ಪ!

"ಏನ್ರಿ ಲಿಂಗಣ್ಣ, ಮನಿಯಾಗೆ ನೀರಿಲ್ಲೇನು?"

ಸಂಬಂಧ ಕೈತಪ್ಪಿತೆಂದುಕೊಂಡ ಲಿಂಗಣ್ಣ, ಇನ್ನು ಸುಳ್ಳು ಯಾಕೆಂದು ನಡೆದದ್ದೆಲ್ಲ ಒಪ್ಪಿಸಿದ. ಖಾಲಿ ಮೂಲೆಮನೆಯಿಂದ ಹಿಡಿದು ಚೆಂಬಿನವರೆಗೆ ಒಂದನ್ನೂ ಬಿಡಲಿಲ್ಲ. ಮೈಲಾರಲಿಂಗಪ್ಪ ರೆಪ್ಪೆ ಮಿಟುಕಿಸದೆ ಕೇಳಿದ.

"ಬೀಗದ ಕೈ ಎಲ್ಲೈತೆ?"

ಲಿಂಗಣ್ಣ ಉಡಿದಾರಕ್ಕೆ ಕಟ್ಟಿದ್ದನ್ನು ತೋರಿಸಿದ.

"ಅದನ್ನ ಸೊಂಟದಾಗೆ ಇಟ್ಕಂಡು ಒಣಾಮೈಯಾಗೆ ಬಂದ್ರಲ್ಲಪ್ಪ! ಸ್ವರಾಜ್ಯ ಅಂತ ಭಾಷಣದಾಗೆ ಕೇಳಿದ್ದೆ, ಕಣ್ಣಾರೆ ಕಂಡಿದ್ದು ಇವತ್ತೇ. ಇಂಥಾ ಮನಿ ಹೆಣ್ಣು ಬ್ಯಾಡ ಅಂದ್ರೆ ಹರಿಹರೇಶ್ವರ ಮೆಚ್ತಾನೇನು? ಮಾತು ಮುಗೀತು!"

ಲಿಂಗಣ್ಣನಿಗೆ ನೀರಿನಲ್ಲೇ ಕುಣಿಯುವಂತಾಯಿತು. ಮೆಟ್ಟಿಲು ಹತ್ತತೊಡಗಿದ.

"ನಿಲ್ರಿ ಬೀಗರೇ. ಮಗಂಗೆ ದಾವಣಗೆರಿಯಾಗೆ ಮನಿ ಹುಡುಕ್ತಿದ್ದೆ. ಆ ಮೂಲಿಮನಿ ನಮಗಿರ್ಲಿ. ನಾನೂ ಬಂದು ಅಲ್ಲೇ ಇರ್ತೀನಿ. ಇದ್ರೆ ಇಂಥಾ ನ್ಯಾಯದ ಜಾಗದಾಗೆ ಇರಬೇಕು. ನನ್ನ ಎರಡು ಸ್ನಾನಕ್ಕೆ ನೀರು ಸಿಕ್ರೆ ಸಾಕು." ಇನ್ನೊಂದು ಮುಳುಗು ಹಾಕಿ ಎದ್ದು ಕೇಳಿದ: "ನಮ್ಮ ಕೊಡ ನಿಮ್ಮ ಕೊಡಕ್ಕಿಂತ ಮುಂದೆ ಅಲ್ಲೇನ್ರಿ?"

"ನಿಯಮ ಹಂಗೇ ಐತ್ರಿ," ಎಂದ ಲಿಂಗಣ್ಣ.

ಹತ್ತಿದ್ದ ಮೆಟ್ಟಿಲನ್ನು ಮತ್ತೆ ಇಳಿದು, ಇದು ನಾಳೆಯದು, ಇದು ನಾಡಿದ್ದಿನದು ಎನ್ನುತ್ತ ಮುಳುಗು ಹಾಕತೊಡಗಿದ.