ಚಕ್ರ ತಿಕ್ಕುವ ಭಾವ

ನಮ್ಮ ಭಾವ ಮನುಷ್ಯರ ಮುಖ ನೋಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಇದು ಆರೋಪವಲ್ಲ, ವರದಿ. ಯಾರೇ ಕಾರಿನಲ್ಲಿ ಬಂದಿಳಿಯಲಿ, ಭಾವನ ಕಣ್ಣು ಮೊದಲು ಹೋಗುವುದು ಮುಂದಿನ ಚಕ್ರಕ್ಕೆ. ಅಂಧೇರಿಯಲ್ಲಿ ಬಂಧುಗಳ ಮದುವೆ. ಎಲ್ಲರೂ ಮದುಮಗನ ಪೇಟ ನೋಡುತ್ತಿದ್ದರೆ, ಇವರು ಹೂವಿನಲ್ಲಿ ಮುಳುಗಿದ್ದ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚಕ್ರಕ್ಕೆ ಬೆರಳು ಒರೆಸಿದರು. ಬೆರಳು ಕಪ್ಪಾಯಿತು.

"ಹುಡುಗ ಒಳ್ಳೆಯವನೇ ಇರಬಹುದು ಮಾರಾಯ. ಆದ್ರೆ ಹೂ ಕಟ್ಟುವ ಮೊದ್ಲು ಇದನ್ನೊಂದು ತೊಳಿಲಿಕ್ಕೆ ಎಂತ ಧಾಡಿ?"

ಅದೇ ಬೆರಳಿನಿಂದ ಮದುಮಗಳ ಕೆನ್ನೆ ಸವರಿ ಆಶೀರ್ವಾದವನ್ನೂ ಮಾಡಿದರು. ಹುಡುಗಿಯ ತಾಯಿ, "ಯಾರೋ ತಿಳಿದವರು ದೃಷ್ಟಿಬೊಟ್ಟು ಇಟ್ಟಿದ್ದಾರೆ" ಎಂದು ಸಂತೋಷಪಟ್ಟರು!

ಈ ಕಪ್ಪಿಗೆ ಕಾರಣ ಬ್ರೇಕಿನ ಪುಡಿ. ಬ್ರೇಕು ಒತ್ತಿದಾಗಲೆಲ್ಲ ಒಳಗೆ ಕಬ್ಬಿಣವೂ ಬ್ರೇಕ್ ಪ್ಯಾಡೂ ಸವೆದು ಉದುರುವ ಪುಡಿ ಕಾದ ಚಕ್ರಕ್ಕೆ ಅಂಟಿ, ಅಲ್ಲೇ ಬೆಂದು ಕೂರುತ್ತದೆ. ನೀರು ಹೊಯ್ದರೆ ಹೋಗುವುದಿಲ್ಲ. ಮುಂಬಯಿಯಂಥ ಊರಿನಲ್ಲಿ, ಒಂದು ಮಾರು ಓಡಿ ಎರಡು ಸಲ ಬ್ರೇಕು ಒತ್ತುವ ರಸ್ತೆಗಳಲ್ಲಿ, ಅದರ ಉತ್ಪಾದನೆಗೆ ಕೊರತೆಯೇ? ಉಳಿದವರು ಅದನ್ನು ಟ್ರಾಫಿಕ್ಕಿನ ಜೊತೆ ಬಂದ ಹಣೆಬರಹ ಎಂದು ಒಪ್ಪಿಕೊಂಡಿದ್ದಾರೆ. ಭಾವ ಒಪ್ಪಲಿಲ್ಲ. ಅವರು ಉಡುಪಿ ಕಡೆಯಿಂದ ಬಂದು ಇಡೀ ಆಯುಷ್ಯವನ್ನು ಹೋಟೆಲಿನಲ್ಲಿ ಕಳೆದವರು. ತಮ್ಮ ಹೋಟೆಲಿನಲ್ಲಿ ಬೆಳಗ್ಗೆ ಗಲ್ಲಾಪೆಟ್ಟಿಗೆಗೆ ಕೈಮುಗಿಯುವ ಮೊದಲು ದೋಸೆ ಕಾವಲಿಯ ಅಂಚಿಗೆ ಬೆರಳು ಒರೆಸಿ ನೋಡುತ್ತಿದ್ದರು. ಬೆರಳಿಗೆ ಕರಿ ಹತ್ತಿದರೆ ಅವತ್ತು ಅಡುಗೆಮನೆಯಲ್ಲಿ ಯಾರಿಗೂ ಉಳಿಗಾಲವಿಲ್ಲ.

ಹೋಟೆಲು ಬಿಟ್ಟುಕೊಟ್ಟ ಮೇಲೆ ಕೊಂಡದ್ದು ಈ ಕಾರು. ಕೊಂಡದ್ದು ನನ್ನ ಅಕ್ಕನಿಗಾಗಿ. ಹೋಟೆಲಿನವರಿಗೆ ಭಾನುವಾರವೆಂದರೆ ದುಪ್ಪಟ್ಟು ದುಡಿಮೆ. ಹಾಗಾಗಿ ಅಕ್ಕ ಈ ಊರಿಗೆ ಮದುವೆಯಾಗಿ ಬಂದರೂ ಊರು ನೋಡಿರಲಿಲ್ಲ. ನೋಡುವ ಕಾಲ ಬಂದಾಗ ಮಂಡಿ ಕೈಕೊಟ್ಟಿತ್ತು. ಲೋಕಲ್ ರೈಲು ಹತ್ತುವಂತಿಲ್ಲ, ರಿಕ್ಷಾದ ಕುಲುಕಾಟ ತಡೆಯುವುದಿಲ್ಲ. ಭಾನುವಾರ ಸಂಜೆ ಜೋಗೇಶ್ವರಿಯ ಬಿಲ್ಡಿಂಗಿನಿಂದ ಪವಾಯಿಯ ಕೆರೆಯವರೆಗೆ ಹೋಗಿ, ಕಾರಿನ ಕಿಟಕಿ ಇಳಿಸಿ ನೀರು ನೋಡುತ್ತ ಪೇರಳೆಹಣ್ಣು ತಿಂದು ಬರುವುದು ಅವರಿಬ್ಬರ ಏಕಮಾತ್ರ ವಿಲಾಸ. ಸೋಮವಾರ ಬೆಳಗ್ಗೆ ಆ ವಿಲಾಸದ ಕಪ್ಪನ್ನು ತಿಕ್ಕುವುದು ಭಾವನ ವ್ರತ.

ತಿಕ್ಕುವುದಕ್ಕೆ ಅವರು ಬಳಸದೆ ಬಿಟ್ಟ ವಸ್ತು ಯಾವುದು? ತಂತಿಯ ಉಂಡೆಯಿಂದ ತಿಕ್ಕಿದರು, ಚಕ್ರಕ್ಕೆ ಗೀರು ಬಿತ್ತು. ಹಿತ್ತಾಳೆ ಹಂಡೆ ಬೆಳಗುವ ಹಾಗೆ ಹುಣಸೆಹುಳಿ ಮೆತ್ತಿ ಬಿಸಿಲಿಗೆ ಬಿಟ್ಟರು, ಚಕ್ರಕ್ಕೆ ತೊನ್ನು ಹಿಡಿದಂತಾಯಿತು. ಆ ವಾರ ಮನೆಯಲ್ಲಿ ಸಾರಿಗೆ ಟೊಮೆಟೊವೇ ಗತಿ. ಒಮ್ಮೆ ನಾನು ಅಲ್ಲಿ ಉಳಿದುಕೊಂಡಿದ್ದಾಗ ಬೆಳಗ್ಗೆ ಎದ್ದು ನೋಡಿದರೆ ನನ್ನ ಹಲ್ಲುಜ್ಜುವ ಬ್ರಷ್ಷು ಕಾಣೆ! ಕೆಳಗೆ ಹೋದೆ. ಭಾವ ಚಕ್ರದ ಕಡ್ಡಿಗಳ ಸಂದಿಯಲ್ಲಿ ತಲ್ಲೀನರಾಗಿದ್ದರು.

"ಭಾವ, ಅದು ನನ್ನದು!"

"ಗೊತ್ತುಂಟು. ನಮ್ಮನೆಯದ್ದೆಲ್ಲ ಮೆತ್ತಗಾಗಿದೆ ಮಾರಾಯ. ನಿನ್ನದು ಗಟ್ಟಿ ಉಂಟು."

ಕೊನೆಗೆ ನಾನೇ ಕರುಣೆಯಿಂದ, ಇದಕ್ಕೆಂದೇ ಮಾರುವ ದ್ರಾವಣವೊಂದನ್ನು ತಂದುಕೊಟ್ಟೆ. ಚಿಮುಕಿಸಿದ ಸ್ವಲ್ಪ ಹೊತ್ತಿಗೆ ಕಪ್ಪೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ತೊಟತೊಟ ಸುರಿಯಿತು. ಕೊಳೆತ ಮೊಟ್ಟೆಯ ವಾಸನೆಗೆ ಅಕ್ಕ ಮೂರನೇ ಮಹಡಿಯಲ್ಲಿ ಕಿಟಕಿ ಹಾಕಿಕೊಂಡಳು. ನೀರು ಹೊಯ್ದರೆ ಚಕ್ರ ಫಳಫಳ! ಭಾವ ಮಾತ್ರ ಪೆಚ್ಚಾಗಿ ನಿಂತಿದ್ದರು.

"ತಿಕ್ಕದೆ ಹೋಯ್ತಲ್ಲ. ತಿಕ್ಕದೆ ಹೋದದ್ದು ಹೋದ ಹಾಗಾ?"

ಬಾಟಲಿಯನ್ನು ಮರುದಿನವೇ ವಾಚ್‌ಮನ್ನಿಗೆ ದಾನ ಮಾಡಿದರು.

ಈಗ ಮುಖ್ಯ ಘಟನೆ. ಒಂದು ಸೋಮವಾರ ಭಾವನಿಗೆ ಹೊಳೆಯಿತು: ಕರಿ ತೆಗೆಯುವುದಲ್ಲ, ಹತ್ತದಂತೆ ಮಾಡಬೇಕು! ಹೋಟೆಲಿನಲ್ಲಿ ದೋಸೆ ಕಾವಲಿಗೆ ಅಂಟುತ್ತಿತ್ತೇ? ಇಲ್ಲ. ಯಾಕೆ? ಅರ್ಧಕ್ಕೆ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಒರೆಸುತ್ತಿದ್ದರಿಂದ. ಚಕ್ರಗಳಿಗೂ ಅದೇ ಆಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಮುಂದಿನ ಚಕ್ರದ ಸಂದಿಯಿಂದ ಒಳಗೆ ಇಣುಕಿದರು. ಅಲ್ಲಿ ಬ್ರೇಕಿನ ತಟ್ಟೆ, ದುಂಡಗೆ, ಚಪ್ಪಟೆಯಾಗಿ, ಕಬ್ಬಿಣದ್ದು, ನುಣ್ಣಗೆ ಮಿಂಚುತ್ತಿತ್ತು. ಆಯುಷ್ಯವೆಲ್ಲ ಹೋಟೆಲಿನಲ್ಲಿ ಕಳೆದ ಮನುಷ್ಯ ಅದನ್ನು ಏನೆಂದು ತಿಳಿಯಬೇಕು? ಕೈ ತೂರಿಸಿ, ಶ್ರದ್ಧೆಯಿಂದ, ಎರಡೂ ಕಡೆಯ ತಟ್ಟೆಗಳಿಗೆ ಈರುಳ್ಳಿ ಒರೆಸಿದರು.

ಆಮೇಲೆ ಗಾಡಿಯನ್ನು ನೆರಳಿಗೆ ಹಾಕಲು ಹೊರಟರು. ಬ್ರೇಕು ಒತ್ತಿದರು. ಗಾಡಿ ಅವರ ಮಾತು ಕೇಳಲಿಲ್ಲ. ಸಾವಕಾಶವಾಗಿ, ಯಾವ ದುರುದ್ದೇಶವೂ ಇಲ್ಲದೆ ಸಾಗಿ, ಗೇಟಿನ ಬಳಿಯ ಹೂಕುಂಡಗಳನ್ನು ಪುಡಿಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಚಕ್ರದಿಂದ ಮಾತ್ರ ಸುತ್ತಲೂ ಮಸಾಲೆದೋಸೆಯ ಘಮ.

ಗಾಡಿಯನ್ನು ಎಳೆಸಿಕೊಂಡು ಹೋದ ಗ್ಯಾರೇಜಿನವ ವಿಜಯಪುರ ಕಡೆಯವನು. ಬ್ರೇಕಿನ ತಟ್ಟೆ ಮೂಸಿ ನೋಡಿ ಕೈಮುಗಿದ. "ಚಾಚಾ, ದ್ವಾಸಿ ಹಂಚು ಬಿಡಾಕ ಇರ್ತೈತ್ರಿ. ಬ್ರೇಕು ಹಿಡಿಯಾಕ ಇರ್ತೈತಿ." ಭಾವನೂ ನಕ್ಕರು. ಹೊಸ ಪ್ಯಾಡು ಹಾಕಿಸಿ, ತಟ್ಟೆ ತೊಳೆಸಿ ತಂದರು.

ಆದರೆ ಅವರ ಮಗಳು ನಗಲಿಲ್ಲ. ಆಫೀಸಿನಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಕೈ ಚಾಚಿದಳು.

"ಪಪ್ಪಾ, ಬಸ್, ಇನ್ನು ಸಾಕು. ಚಾವಿ ಕೊಡಿ."

"ಗಾಡಿ ಸಮ ಆಯ್ತಲ್ಲ ಮಗಾ."

"ಗಾಡಿ ಸಮ ಆಯ್ತು. ನೀವು? ಇವತ್ತು ಕುಂಡ, ಕಲ್ ಕೋ ಯಾರಾದ್ರೂ ಬಚ್ಚಾ ಇದ್ರೆ? ಗಾಡಿ ಮಾರಿಬಿಡುವಾ. ಮಮ್ಮಿಗೆ ನಾನು ಕ್ಯಾಬ್ ಬುಕ್ ಮಾಡ್ತೇನೆ."

"ಕ್ಯಾಬಿನವ ಕೆರೆ ಹತ್ರ ನಮಗೆ ಪೇರಳೆ ತಿಂದು ಆಗುವವರೆಗೆ ನಿಲ್ತಾನಾ?" ಎಂದಳು ಅಕ್ಕ.

"ಮಾಮಾ, ನೀವಾದ್ರೂ ಸಮಜಾಯಿಸಿ ಇವರಿಗೆ!"

ಎರಡೂ ಕಡೆಯ ಹೇಳಿಕೆ ಕೇಳಿ ಬರೆದುಕೊಳ್ಳುವುದಷ್ಟೇ ವರದಿಗಾರನಾದ ನನ್ನ ಕಸುಬು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಭಾವ ಚಾವಿ ಕೊಟ್ಟರು. ಕೊಡುವ ಮುಂಚೆ ಅದನ್ನೂ ಪಂಚೆಯ ತುದಿಯಿಂದ ಒರೆಸಿದರು.

ಭಾನುವಾರಗಳು ಬಂದುಹೋದವು. ಅಕ್ಕ ಕಿಟಕಿಯಲ್ಲಿ ಕೂತು ಎದುರಿನ ಬಿಲ್ಡಿಂಗಿನಲ್ಲಿ ಒಣಹಾಕಿದ ಬಟ್ಟೆ ನೋಡಿದಳು. ಕೆರೆಯ ಮಾತು ಎತ್ತಲಿಲ್ಲ. ಭಾವನೂ ಎತ್ತಲಿಲ್ಲ. ಗಾಡಿ ಕೊಳ್ಳುವವರು ಇಬ್ಬರು ಬಂದು ನೋಡಿ ಹೋದರಂತೆ. ಇಬ್ಬರೂ ಚಕ್ರ ಹೊಗಳಿದರಂತೆ.

ಮೊನ್ನೆ ಭಾನುವಾರ ಸಂಜೆ ನಾನು ಹೋದಾಗ ಭಾವ ಎಂದಿನಂತೆ ಕಾರಿನ ಪಕ್ಕ ಕುಕ್ಕರಗಾಲಲ್ಲಿದ್ದರು. ಬಕೆಟ್ಟು ಇತ್ತು, ಬ್ರಷ್ಷು ಇತ್ತು. ಒಂದು ಬಿಳಿ ಬಟ್ಟೆಯಿಂದ ಚಕ್ರವನ್ನು ಒರೆಸುತ್ತಿದ್ದರು. ಒರೆಸಿ ಬಟ್ಟೆ ನೋಡುವರು, ಮಗ್ಗುಲು ಬದಲಿಸಿ ಮತ್ತೆ ಒರೆಸುವರು.

"ಎಂತ ಭಾವ, ಕಪ್ಪು ಹೋಗ್ಲಿಲ್ವಾ?"

ಬಟ್ಟೆಯನ್ನು ಬಿಡಿಸಿ ತೋರಿಸಿದರು. ಅಂಗಡಿಯಿಂದ ತಂದ ಹಾಗೆ ಇತ್ತು, ಒಂದು ಕಲೆಯಿಲ್ಲ.

"ಬರುದೇ ಇಲ್ಲ ಮಾರಾಯ," ಎಂದರು. "ಒಂದು ಚೂರೂ ಬರುದಿಲ್ಲ."

ಇಷ್ಟು ವರ್ಷ ಅವರು ಬಯಸಿದ್ದು ಇಂಥ ಚಕ್ರವನ್ನೇ. ಅಭಿನಂದಿಸಬೇಕೆಂದು ಬಾಯಿ ತೆರೆದೆ. ಬಕೆಟ್ಟಿನ ನೀರು ಕಣ್ಣಿಗೆ ಬಿತ್ತು; ಅದೂ ತಿಳಿಯಾಗಿಯೇ ಇತ್ತು.

ಹಿಂದೆ ಸದ್ದಾಯಿತು. ಅಕ್ಕ ಮಗಳ ಭುಜ ಹಿಡಿದು ಲಿಫ್ಟಿನಿಂದ ಹೊರಗೆ ಬರುತ್ತಿದ್ದಳು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು. ಮೇಲಿನ ಕಿಟಕಿಯಿಂದ ತಾಯಿ ಮಗಳು ಎಷ್ಟು ಹೊತ್ತು ಈ ಬಿಳಿ ಬಟ್ಟೆಯನ್ನು ನೋಡಿದರೋ, ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರೋ, ನನಗೆ ತಿಳಿಯದು. ಮಗಳ ಕಣ್ಣು ಮಾತ್ರ ಕೆಂಪಾಗಿತ್ತು. ಅವಳು ಚಾವಿಯನ್ನು ಅಪ್ಪನ ಒದ್ದೆ ಅಂಗೈಯಲ್ಲಿಟ್ಟಳು.

"ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ ಪಪ್ಪಾ. ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಕೊಂಡು. ಮಂಜೂರ್?"

ಭಾವ ಚಾವಿ ನೋಡಿದರು, ಚಕ್ರ ನೋಡಿದರು. ಆಮೇಲೆ, ಬಹಳ ಕಾಲದ ನಂತರ, ತಲೆಯೆತ್ತಿ ಮನುಷ್ಯರೊಬ್ಬರ ಮುಖ ನೋಡಿದರು, ಮಗಳ ಮುಖ.

ಅಕ್ಕ ಅವರ ಕೈಯಿಂದ ಬಿಳಿ ಬಟ್ಟೆಯನ್ನು ಕಿತ್ತು ಬಕೆಟ್ಟಿಗೆ ಎಸೆದಳು.

"ಏಳಿ ಇವ್ರೇ," ಎಂದಳು. "ಹೋಗಿ ಸ್ವಲ್ಪ ಕಪ್ಪು ಮಾಡಿಕೊಂಡು ಬರುವ."